‘ನೊ’ ಅಂದರೆ ಹೌದು, ‘ನೆ’ ಅಂದರೂ ಹೌದು!

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಬಂದ ಹೊಸತು. ಬೇಕರಿಯಲ್ಲಿ ‘ಇದರಲ್ಲಿ ಮಾಂಸ ಇದೆಯಾ?’ ಎಂದು ಹರುಕುಮುರುಕು ಚೆಕ್ ಭಾಷೆಯಲ್ಲಿ ಕೇಳಿದೆ. ಅಂಗಡಿಯಾಕೆ ‘ನೊ’ ಅಂದಳು. ಖುಷಿಯಿಂದ ಕಚ್ಚಿದರೆ ಒಳಗೆ ಹಂದಿಮಾಂಸ!

ಚೆಕ್‌ನಲ್ಲಿ ಹೌದು ಅಂದರೆ ‘ಅನೊ’. ಆಡುಮಾತಿನ ‘ನೊ’ ನಮ್ಮ ‘ಹ್ಞೂಂ’ ಇದ್ದ ಹಾಗೆ. ಪೋಲೆಂಡ್‌ನಲ್ಲೂ ಅದೇ ಕಥೆ. ಇಲ್ಲ ಅನ್ನಲು ಚೆಕ್ಕರು ‘ನೆ’ ಅನ್ನುತ್ತಾರೆ. ಗ್ರೀಸ್‌ಗೆ ಹೋದರೆ ಅದೇ ‘ನೆ’ ಹೌದು! ಅಲ್ಲಿ ಇಲ್ಲ ಅಂದರೆ ‘ಓಹಿ’. ಪಕ್ಕದ ಬಲ್ಗೇರಿಯಾದಲ್ಲಿ ‘ನೆ’ ಮತ್ತೆ ಇಲ್ಲ. ಜೊತೆಗೆ ಹೌದು ಅನ್ನುವಾಗ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ನಮಗೇನೂ ಹೊಸದಲ್ಲ, ಅಲ್ವಾ?

ಗಡಿ ದಾಟುವ ಮೊದಲು ಹೌದು, ಇಲ್ಲ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ‘ಇದೆಯಾ?’ ಅನ್ನಬೇಡಿ. ‘ಮಾಂಸ ಇಲ್ಲದ್ದು ಯಾವುದು?’ ಅನ್ನಿ. ಅವರೇ ಬೆರಳು ತೋರಿಸುತ್ತಾರೆ.