ಗ್ಯಾಂಗ್ ಹೊಡೆದಾಟದ ಬಗ್ಗೆ ಸಭೆ ನಡೆಸುವುದು: ನನ್ನ ಅನುಭವ

ಹುಡುಗರ ಗುಂಪುಗಳು ಹೊಡೆದಾಡಿಕೊಂಡು ಒಬ್ಬ ಸತ್ತರೆ ಬಡಾವಣೆಯವರು ಸಭೆ ಸೇರುತ್ತಾರೆ. ಆ ಸಭೆ ಹೇಗೆ ಸಾಗುತ್ತದೆ ಅನ್ನುವುದು ನನಗೆ ಈಗ ಬಾಯಿಪಾಠ. ಅಪ್ಪ ಅಮ್ಮಂದಿರು ಪೊಲೀಸರನ್ನು ಬೈಯುತ್ತಾರೆ. ಪೊಲೀಸರು ಅಪ್ಪ ಅಮ್ಮಂದಿರ ಕಡೆ ಕೈ ತೋರಿಸುತ್ತಾರೆ. ಮೇಷ್ಟ್ರುಗಳು ಗಾಂಜಾ ಅನ್ನುತ್ತಾರೆ, ವಯಸ್ಸಾದವರು ಮೊಬೈಲು ಸಿನಿಮಾ ಅನ್ನುತ್ತಾರೆ, ಹುಡುಗರು ಕೆಲಸ ಎಲ್ಲಿದೆ ಅಂತ ಕೇಳುತ್ತಾರೆ. ಒಂದಿಷ್ಟು ಹೊತ್ತು ಕೂಗಾಡಿ ಎಲ್ಲರೂ ಮನೆಗೆ ಹೋಗುತ್ತಾರೆ.

ಇಂಥ ಸಭೆಗಳನ್ನು ನಡೆಸಿಕೊಡುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಕಾರಣ ಏನು ಅನ್ನುವುದರಲ್ಲಿ ಜನ ಯಾವತ್ತೂ ಒಮ್ಮತಕ್ಕೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಮುಂದಿನ ಹೊಡೆದಾಟ ತಡೆಯಲು ಅದಕ್ಕಿಂತ ತುಂಬಾ ಚಿಕ್ಕ ಪ್ರಶ್ನೆ ಸಾಕಾಗುತ್ತದೆ. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಸಭೆಗೆ ಮುಂಚೆ ಮನೆಮನೆಗೆ ಹೋಗುತ್ತೇನೆ. ನಿಜವಾದ ಕೆಲಸದಲ್ಲಿ ಮುಕ್ಕಾಲು ಪಾಲು ಅಲ್ಲೇ ಆಗುವುದು. ಹತ್ತು ಜನರ ಮುಂದೆ ಯಾರೂ ತಮಗೆ ಗೊತ್ತಿರುವುದನ್ನು ಹೇಳುವುದಿಲ್ಲ, ಹೇಳಲೂಬಾರದು. ಬಾಯಿತಪ್ಪಿ ಒಂದು ಹೆಸರು ಬಂದರೆ ಸಾಕು, ಹೇಳಿದವನಿಗೆ ಇನ್‌ಫಾರ್ಮರ್ ಅನ್ನುವ ಪಟ್ಟ. ಆ ಪಟ್ಟಕ್ಕೆ ಪ್ರಾಣವೇ ಹೋಗಬಹುದು. ಹಾಗಾಗಿ ನನ್ನ ಸಭೆಯಲ್ಲಿ ಯಾರ ಹೆಸರನ್ನೂ ಎತ್ತುವಂತಿಲ್ಲ, ವಿಡಿಯೊ ಮಾಡುವಂತಿಲ್ಲ. ಎಷ್ಟೇ ದೊಡ್ಡ ಮನುಷ್ಯರು ಬಂದರೂ ಇದರಲ್ಲಿ ರಿಯಾಯಿತಿ ಇಲ್ಲ.

ಜಾಗದ ಬಗ್ಗೆಯೂ ತುಂಬಾ ಯೋಚಿಸಬೇಕು. ಕೆಲವು ಹುಡುಗರಿಗೆ ಒಂದೇ ಒಂದು ರಸ್ತೆ ದಾಟುವುದೂ ಅಪಾಯ. ದೊಡ್ಡವರಿಗೆ ಈ ಗಡಿಗಳು ಕಾಣುವುದೇ ಇಲ್ಲ. ಅವರು ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಎರಡೂ ಕಡೆಯವರು ಬರಬಹುದಾದ ಜಾಗ ಯಾವುದು ಅಂತ ಹುಡುಗರನ್ನೇ ಕೇಳುತ್ತೇನೆ. ಕತ್ತಲಾಗುವ ಮೊದಲೇ ಮುಗಿಸುತ್ತೇನೆ. ಇನ್ನು, ಮಗನನ್ನು ಕಳೆದುಕೊಂಡ ತಾಯಿಯನ್ನೂ ಅದೇ ಕೇಸಿನಲ್ಲಿ ಒಳಗಿರುವ ಹುಡುಗನ ತಾಯಿಯನ್ನೂ ಮೊದಲ ದಿನವೇ ಎದುರುಬದುರು ಕೂರಿಸಬಾರದು. ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿ, ಇಬ್ಬರೂ ಹೂಂ ಅಂದಮೇಲೆ ಮಾತ್ರ.

ಅಕ್ಕತಂಗಿಯರನ್ನು ಮರೆಯಬೇಡಿ. ಗಲಾಟೆ ಆಗುತ್ತದೆ ಅನ್ನುವುದು ಮನೆಯಲ್ಲಿ ಮೊದಲು ಗೊತ್ತಾಗುವುದು ಅವರಿಗೆ. ಆಯುಧ ಬಚ್ಚಿಡು ಅಂತ ಕೊಡುವುದೂ ಎಷ್ಟೋ ಸಲ ಅವರ ಕೈಗೇ. ಸಭೆಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ.

ಮೊದಲ ಸಭೆ ಬೈಗುಳದ ಸಭೆಯೇ. ಅದನ್ನು ತಡೆಯುವುದಿಲ್ಲ. ಹೊಟ್ಟೆಯಲ್ಲಿರುವುದು ಹೊರಗೆ ಬರದೆ ಬೇರೆ ಮಾತು ಒಳಗೆ ಹೋಗಲ್ಲ. ಯಾರು ಏನು ಕಾರಣ ಕೊಟ್ಟರೂ ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದಾದಮೇಲೆ ಒಂದು ವಿಷಯ ಎಲ್ಲರ ಕಣ್ಣಿಗೂ ಬೀಳುತ್ತದೆ: ಪ್ರತಿಯೊಬ್ಬರೂ ಹೇಳಿದ ಕಾರಣದಲ್ಲಿ ಕೆಲಸ ಮಾಡಬೇಕಾದವರು ಬೇರೆ ಯಾರೋ.

ಮುಂದಿನ ಸಭೆಯಲ್ಲಿ ಆ ಚಿಕ್ಕ ಪ್ರಶ್ನೆ ಕೇಳುತ್ತೇನೆ. 'ಹಿಂದಿನ ಗಲಾಟೆ ಶುರುವಾಗಿದ್ದು ಯಾವುದಕ್ಕೆ? ಅದರ ಹಿಂದಿನದು? ಅದಕ್ಕೂ ಹಿಂದಿನದು?' ಹೆಸರು ಬೇಡ, ವಿಷಯ ಮಾತ್ರ. ಬರುವ ಉತ್ತರಗಳು ನೋಡಿ: ಒಂದು ವಿಡಿಯೊದಲ್ಲಿ ಹೀಯಾಳಿಸಿದ್ದು, ಪ್ರೀತಿ ವಿಷಯ, ಕೈಸಾಲ, ಎರಡು ವರ್ಷದ ಹಿಂದೆ ಸತ್ತ ಗೆಳೆಯನ ಸೇಡು. ಡ್ರಗ್ಸ್ ವ್ಯಾಪಾರದ ಪೈಪೋಟಿ ಅಂತ ಎಲ್ಲರೂ ನಂಬಿರುತ್ತಾರೆ. ಪಟ್ಟಿ ಮಾಡಿದಾಗ ಅದು ಅಷ್ಟು ಜಾಸ್ತಿ ಬರುವುದಿಲ್ಲ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಅಮೆರಿಕದ ಬಾಸ್ಟನ್ ನಗರ. 1990ರ ದಶಕದ ಮಧ್ಯದಲ್ಲಿ ಡೇವಿಡ್ ಕೆನಡಿ ಅನ್ನುವ ಸಂಶೋಧಕ ಮತ್ತು ಅವರ ಜೊತೆಗಾರರು ಪೊಲೀಸರನ್ನೂ ಬೀದಿಯಲ್ಲಿ ಹುಡುಗರ ಜೊತೆ ಕೆಲಸ ಮಾಡುವ ಕಾರ್ಯಕರ್ತರನ್ನೂ ಕೂರಿಸಿಕೊಂಡು ಕೊಲೆಗಳನ್ನು ಒಂದೊಂದಾಗಿ ಕೆದಕಿ ನೋಡಿದರು. ಹೆಚ್ಚಿನವು ಗುಂಪುಗಳ ನಡುವಿನ ಹಳೇ ವೈಷಮ್ಯಗಳು. ಗ್ಯಾಂಗುಗಳಲ್ಲಿದ್ದವರು ಸುಮಾರು 1,300 ಮಂದಿ, 61 ಗುಂಪು. ನಗರದ ಯುವಜನರಲ್ಲಿ ಶೇ. 1ಕ್ಕಿಂತ ಕಡಿಮೆ. ಆದರೆ ಹದಿಹರೆಯದವರ ಮತ್ತು ಯುವಕರ ಕೊಲೆಗಳಲ್ಲಿ ಕನಿಷ್ಠ ಶೇ. 60 ಇವರಿಂದಲೇ ಆಗಿದ್ದವು.

ಈ ಲೆಕ್ಕ ಹೇಳಿದರೆ ಸಭೆಯ ಗಾಳಿಯೇ ಬದಲಾಗುತ್ತದೆ. ಅಲ್ಲಿಯವರೆಗೆ 'ಈಗಿನ ಹುಡುಗರೇ ಹಾಳಾಗಿದ್ದಾರೆ' ಅನ್ನುತ್ತಿದ್ದವರು, ಹಾಗಾದರೆ ಆ ಕೆಲವರು ಯಾರು, ಅವರ ಹತ್ತಿರ ಮಾತಾಡುವವರು ಯಾರು ಅಂತ ಯೋಚಿಸತೊಡಗುತ್ತಾರೆ. ಬಡತನ ನೂರಾರು ಮನೆಗಳಲ್ಲಿದೆ, ಮೊಬೈಲು ಎಲ್ಲರ ಕೈಯಲ್ಲಿದೆ. ಮಚ್ಚು ಹಿಡಿದವರು ಬೆರಳೆಣಿಕೆಯಷ್ಟು. ಅಂದಹಾಗೆ, ಮೊಬೈಲಿನ ಮೇಲೆ ತಪ್ಪು ಹೊರಿಸುವವರಿಗೆ ನಾನು 1927ರ ಶಿಕಾಗೋದ ಉದಾಹರಣೆ ಕೊಡುತ್ತೇನೆ. ಫ್ರೆಡರಿಕ್ ಥ್ರಾಷರ್ ಅನ್ನುವ ಸಮಾಜಶಾಸ್ತ್ರಜ್ಞ ಆ ಒಂದೇ ನಗರದಲ್ಲಿ 1,313 ಗ್ಯಾಂಗುಗಳನ್ನು ಲೆಕ್ಕ ಹಾಕಿದ್ದ. ಅವರ ಕೈಯಲ್ಲಿ ಯಾವ ಮೊಬೈಲೂ ಇರಲಿಲ್ಲ. ಹಾಗಂತ ಮೊಬೈಲಿಗೆ ಕ್ಲೀನ್ ಚಿಟ್ ಕೊಡುವುದೂ ಸರಿಯಲ್ಲ. ಮುಂಚೆ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದ ಅವಮಾನವನ್ನು ಈಗ ನಾಲ್ಕು ಸಾವಿರ ಜನ ನೋಡುತ್ತಾರೆ. ಸುಮ್ಮನಿರುವುದು ಹುಡುಗನಿಗೆ ಕಷ್ಟ.

ಬಡತನದ ವಾದವನ್ನೂ ನಾನು ಬದಿಗೆ ಸರಿಸುವುದಿಲ್ಲ. ಅದು ನಿಜ. ಆದರೆ ಅದರ ಪರಿಹಾರ ಹತ್ತು ವರ್ಷದ್ದು, ಸೇಡಿನ ವಾಯಿದೆ ಮುಂದಿನ ಶನಿವಾರದ್ದು. ಬೋರ್ಡಿನ ಮೇಲೆ ಎರಡನ್ನೂ ಬೇರೆ ಬೇರೆ ಕಡೆ ಬರೆಯುತ್ತೇನೆ. ಅಷ್ಟು ಮಾಡಿದರೆ ಅರ್ಧ ಜಗಳ ತಣ್ಣಗಾಗುತ್ತದೆ, ಯಾಕೆಂದರೆ ಜನ ಜಗಳವಾಡುತ್ತಿದ್ದದ್ದು ಎರಡು ಬೇರೆ ಬೇರೆ ವಿಷಯಗಳ ಬಗ್ಗೆ.

ಹುಡುಗರು ತಾವೇ ಹೇಳುವ ಕಾರಣ ದೊಡ್ಡವರ ಪಟ್ಟಿಯಲ್ಲಿ ಇರುವುದೇ ಇಲ್ಲ: ಭಯ. ಒಂಟಿಯಾಗಿ ಓಡಾಡಿದರೆ ಏಟು ಬೀಳುತ್ತದೆ, ಅದಕ್ಕೆ ಗುಂಪು ಸೇರಿದೆ ಅನ್ನುತ್ತಾರೆ. ಸೇರಿದಮೇಲೆ ಏಟು ಬೀಳುವ ಸಾಧ್ಯತೆ ಜಾಸ್ತಿಯಾಗುತ್ತದೆ, ಕಡಿಮೆ ಆಗುವುದಿಲ್ಲ. ಈ ಮಾತನ್ನು ನಾನು ಹೇಳಿದರೆ ಕೇಳುವುದಿಲ್ಲ. ಗುಂಪು ಬಿಟ್ಟುಬಂದ ಅಣ್ಣ ಒಬ್ಬ ಅಂಗಿ ಎತ್ತಿ ಹೊಲಿಗೆ ತೋರಿಸಿದರೆ ಕೇಳುತ್ತಾರೆ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಪ್ರತಿ ಸಭೆಯಲ್ಲೂ ಒಬ್ಬರಾದರೂ ಎದ್ದು 'ಎಲ್ಲರನ್ನೂ ಎತ್ತಿ ಒಳಗೆ ಹಾಕಿ' ಅನ್ನುತ್ತಾರೆ. ಈಗೀಗ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಹೆಸರೂ ಬರುತ್ತದೆ. ಇದನ್ನು ಕೇಳಿ ಮುಖ ಸಿಂಡರಿಸುವ ಕಾರ್ಯಕರ್ತರನ್ನು ಕಂಡರೆ ನನಗೆ ಆಗಲ್ಲ. ಹಾಗೆ ಹೇಳುವವರು ಎಷ್ಟೋ ಸಲ ಮಗನನ್ನೋ ತಮ್ಮನನ್ನೋ ಕಳೆದುಕೊಂಡವರು. ಅವರಿಗೆ ಪೂರ್ತಿ ಉತ್ತರ ಸಿಗಬೇಕು.

ಹಾಗಾಗಿ ಪೂರ್ತಿಯೇ ಹೇಳುತ್ತೇನೆ. 2015ರಲ್ಲಿ ಆ ದೇಶದಲ್ಲಿ ಪ್ರತಿ ಲಕ್ಷ ಜನರಿಗೆ ನೂರಕ್ಕೂ ಹೆಚ್ಚು ಕೊಲೆ ಆಗಿದ್ದವು. 2022ರ ಮಾರ್ಚ್ ಕೊನೆಯಲ್ಲಿ ಒಂದೇ ವಾರಾಂತ್ಯದಲ್ಲಿ 87 ಮಂದಿ ಸತ್ತರು. ಸರಕಾರ ತುರ್ತು ಪರಿಸ್ಥಿತಿ ಹೇರಿತು. 80,000ಕ್ಕೂ ಹೆಚ್ಚು ಜನರನ್ನು ಬಂಧಿಸಿತು. ಕೊಲೆಗಳು ತುಂಬಾ ಕಡಿಮೆಯಾದವು. ಜನ ರಾತ್ರಿ ಹೊರಗೆ ಓಡಾಡುವಂತಾಯಿತು. ಇದು ಒಂದು ಪಾಲು. ಇನ್ನೊಂದು ಪಾಲು: ಕೊಲೆಗಳ ಸಂಖ್ಯೆ 2022ಕ್ಕೆ ಮುಂಚೆಯೇ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಹಿಡಿದವರಲ್ಲಿ ಸಾವಿರಾರು ಜನರನ್ನು ಸರಕಾರವೇ ಆಮೇಲೆ ಬಿಡಬೇಕಾಯಿತು. ಜೈಲಿನಲ್ಲಿ ನೂರಾರು ಜನ ಸತ್ತದ್ದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಅದೇ ದೇಶ 2003ರಲ್ಲೂ ಕಠಿಣ ಕ್ರಮ ಕೈಗೊಂಡಿತ್ತು. ಆಗ ಜೈಲುಗಳು ತುಂಬಿದವು, ಗ್ಯಾಂಗುಗಳು ಜೈಲಿನೊಳಗೇ ಇನ್ನಷ್ಟು ಗಟ್ಟಿಯಾದವು.

ಇಷ್ಟು ಹೇಳಿ ಒಂದು ಪ್ರಶ್ನೆ ಇಡುತ್ತೇನೆ. ನಾಳೆ ಇಲ್ಲಿಗೆ ವ್ಯಾನು ಬಂದರೆ ಮೊದಲು ಹತ್ತುವ ಹುಡುಗರು ಯಾರು? ಕೊಲೆ ಮಾಡಿದವರಾ, ಅಥವಾ ಮೂಲೆಯಲ್ಲಿ ನಿಂತು ಹರಟೆ ಹೊಡೆಯುವವರಾ? ಕೆಲವರ ಮನಸ್ಸು ಬದಲಾಗುತ್ತದೆ. ಕೆಲವರದ್ದು ಆಗುವುದಿಲ್ಲ. ಒಬ್ಬ ತಾಯಿ ನನಗೆ ನೇರವಾಗಿ ಹೇಳಿದರು: 'ನನ್ನ ಇನ್ನೊಬ್ಬ ಮಗನನ್ನೂ ಎತ್ತಿಕೊಂಡು ಹೋಗಲಿ ಸಾರ್, ಜೀವಂತ ಇರ್ತಾನಲ್ಲ.' ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಗಡಿಪಾರು ಮಾಡಿ ಅನ್ನುವವರಿಗೆ ಉತ್ತರ ಸುಲಭ. ಎಲ್ ಸಾಲ್ವಡಾರನ್ನು ನಡುಗಿಸಿದ ಎಂಎಸ್-13 ಗ್ಯಾಂಗ್ ಹುಟ್ಟಿದ್ದು ಎಲ್ ಸಾಲ್ವಡಾರ್‌ನಲ್ಲಿ ಅಲ್ಲ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1980ರ ದಶಕದಲ್ಲಿ, ಎಲ್ ಸಾಲ್ವಡಾರಿನ ಅಂತರ್ಯುದ್ಧದಿಂದ ಓಡಿಬಂದ ಕುಟುಂಬಗಳ ಮಕ್ಕಳ ನಡುವೆ. 1990ರ ದಶಕದಲ್ಲಿ ಅಮೆರಿಕ ಅವರನ್ನು ಹಿಡಿದು ವಾಪಸ್ ಕಳಿಸಿತು. ಗ್ಯಾಂಗ್ ಅವರ ಜೊತೆಗೇ ಹೋಯಿತು.

ಮೆದು ದಾರಿಗಳಿಗೂ ಇದೇ ಪರೀಕ್ಷೆ ಆಗಬೇಕು, ಅಲ್ವಾ? ನಾಯಕರನ್ನು ಕರೆದು ರಾಜಿ ಮಾಡಿಸೋಣ ಅನ್ನುವ ಹಿರಿಯರು ಇರುತ್ತಾರೆ. 2012ರಲ್ಲಿ ಎಲ್ ಸಾಲ್ವಡಾರ್‌ನಲ್ಲಿ ಗ್ಯಾಂಗುಗಳ ನಡುವೆ ರಾಜಿ ಆಗಿ ಕೊಲೆಗಳು ಅರ್ಧದಷ್ಟಾಗಿದ್ದವು. ಆಮೇಲೆ ರಾಜಿ ಮುರಿದುಬಿತ್ತು. ಮೇಲೆ ಹೇಳಿದ 2015ರ ಲೆಕ್ಕ ಅದಾದಮೇಲಿನದು. ರಾಜಿಯಲ್ಲಿ ನಾಯಕರಿಗೆ ತೂಕ ಬರುತ್ತದೆ, ಅದು ವಾಪಸ್ ಹೋಗಲ್ಲ. ನಾನು ಒಪ್ಪುವುದು ಒಂದು ನಿರ್ದಿಷ್ಟ ಜಗಳಕ್ಕೆ ತಡೆ ಹಾಕುವುದನ್ನು ಮಾತ್ರ. ಗುಂಪುಗಳ ಜೊತೆ ಒಪ್ಪಂದ ಬೇಡ.

ಹುಡುಗರಿಗೆ ಜೈಲು ತೋರಿಸಿ ಹೆದರಿಸೋಣ ಅನ್ನುವುದು ಅಪ್ಪಂದಿರಿಗೆ ತುಂಬಾ ಇಷ್ಟವಾದ ಉಪಾಯ. ಅಮೆರಿಕದಲ್ಲಿ ಇದನ್ನು ಹಲವು ಸಲ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. ಹೋಗಿ ನೋಡಿಬಂದ ಹುಡುಗರು ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದರು. ಕ್ರೀಡಾಕೂಟದ ವಿಷಯವೂ ಹೀಗೇ. ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೆ. ಬರುವವರು ಹೇಗೂ ಗಲಾಟೆಗೆ ಹೋಗದವರು. ಗುಂಪಿನ ಹುಡುಗರು ಬಂದರೆ ಗುಂಪಿಗೊಂದು ತಂಡ ಮಾಡಿಕೊಳ್ಳುತ್ತಾರೆ. 1960ರ ದಶಕದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಮಾಲ್ಕಮ್ ಕ್ಲೈನ್ ಅನ್ನುವ ಸಂಶೋಧಕರು ಇದನ್ನು ಗಮನಿಸಿದ್ದರು: ಗುಂಪನ್ನು ಗುಂಪಾಗಿಯೇ ಇಟ್ಟು ಚಟುವಟಿಕೆ ಕೊಟ್ಟರೆ ಆ ಗುಂಪೇ ಗಟ್ಟಿಯಾಗುತ್ತದೆ. ಹಾಗಾಗಿ ನಾನು ಹುಡುಗರನ್ನು ಒಬ್ಬೊಬ್ಬರಾಗಿ ಹಿಡಿಯುತ್ತೇನೆ.

ನಾನು ಅನುಸರಿಸುವ ಮಾದರಿ ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. ಅಲ್ಲಿ ಚಾಕು ಇರಿತ ವಿಪರೀತ ಇತ್ತು. 2005ರಲ್ಲಿ ಕ್ಯಾರಿನ್ ಮೆಕ್‌ಕ್ಲಸ್ಕಿ ಮತ್ತು ಜಾನ್ ಕಾರ್ನಕನ್ ಪೊಲೀಸ್ ಇಲಾಖೆಯಲ್ಲೇ ಹಿಂಸೆ ಕಡಿಮೆ ಮಾಡುವ ಘಟಕ ಶುರು ಮಾಡಿದರು. 2008ರಲ್ಲಿ ಗ್ಯಾಂಗ್ ಹುಡುಗರನ್ನು ಕೋರ್ಟ್ ಕಟ್ಟಡಕ್ಕೆ ಕರೆಸಿದರು. ಶಿಕ್ಷೆಗಲ್ಲ, ಮಾತಿಗೆ. ಪೊಲೀಸರು ನಿಮ್ಮ ಬಗ್ಗೆ ಎಲ್ಲ ಗೊತ್ತಿದೆ ಅಂದರು. ವೈದ್ಯರು ಗಾಯಗಳ ಬಗ್ಗೆ ಹೇಳಿದರು. ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದರು. ಬಿಡಬೇಕು ಅನ್ನಿಸಿದರೆ ಈ ನಂಬರಿಗೆ ಫೋನ್ ಮಾಡಿ ಅಂತ ಕೊಟ್ಟರು.

ಆ ನಂಬರೇ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಗ್ಯಾಂಗ್ ಸೇರಿದ ಹುಡುಗರಲ್ಲಿ ಹೆಚ್ಚಿನವರು ಒಂದೆರಡು ವರ್ಷದಲ್ಲಿ ತಾವಾಗಿಯೇ ಬಿಡುತ್ತಾರೆ. ಆ ಸಮಯದಲ್ಲಿ ಬದುಕಿ ಉಳಿಯಬೇಕು, ದೊಡ್ಡ ಕೇಸು ಮೈಮೇಲೆ ಬರಬಾರದು. ಬಿಡುವ ಹುಡುಗನಿಗೆ ಬೇಕಾಗುವುದು ತೀರಾ ಸಾಮಾನ್ಯ ವಿಷಯಗಳು: ಕೆಲವು ತಿಂಗಳು ಬೇರೆ ಊರಿನ ಸಂಬಂಧಿಕರ ಮನೆ, ವಕೀಲರು, ಗುರುತಿನ ಚೀಟಿ, ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ, ರಾತ್ರಿ ಫೋನ್ ಎತ್ತುವ ಒಬ್ಬ ಮನುಷ್ಯ.

ಸಭೆಗಳಲ್ಲಿ ನಾವು ಕೊನೆಗೆ ಒಪ್ಪಿಕೊಳ್ಳುವುದೂ ಇಂಥವೇ. ಗಾಯಗೊಂಡ ಹುಡುಗ ಆಸ್ಪತ್ರೆಯಲ್ಲಿರುವಾಗಲೇ ಅವನ ಗೆಳೆಯರ ಹತ್ತಿರ ಯಾರು ಹೋಗಬೇಕು. ಸೇಡಿನ ಮಾತು ಹುಟ್ಟುವುದು ಆ ವರಾಂಡದಲ್ಲೇ. ಸುಳ್ಳು ಸುದ್ದಿ ಹಬ್ಬಿದರೆ ಯಾರು ಯಾರಿಗೆ ಫೋನ್ ಮಾಡಿ ನಿಜ ತಿಳಿಸಬೇಕು. ಶವಸಂಸ್ಕಾರಕ್ಕೆ ಯಾವ ದಾರಿಯಲ್ಲಿ ಹೋಗಬೇಕು. ಶಾಲೆ ಬಿಡುವ ಹೊತ್ತಿಗೆ ಯಾವ ತಿರುವಿನಲ್ಲಿ ದೊಡ್ಡವರು ನಿಲ್ಲಬೇಕು. ಬಡತನ ಕಾರಣ ಅನ್ನುವವರೂ ಸಿನಿಮಾ ಕಾರಣ ಅನ್ನುವವರೂ ಅದೇ ತಿರುವಿನಲ್ಲಿ ನಿಲ್ಲಬಹುದು.

ಇನ್ನೂ ಬಗೆಹರಿಯದ ಜಗಳವೂ ಒಂದಿದೆ. ಶಿಕಾಗೋದಲ್ಲಿ 2000ದಲ್ಲಿ ಗ್ಯಾರಿ ಸ್ಲಟ್ಕಿನ್ ಅನ್ನುವ ಸಾಂಕ್ರಾಮಿಕ ರೋಗತಜ್ಞರು ಹಿಂಸೆಯನ್ನೂ ರೋಗದ ಹಾಗೇ ತಡೆಯಬೇಕು ಅಂತ ಹೊರಟರು. ಮುಂದೆ ಅವರು ಹಳೇ ಗ್ಯಾಂಗಿನವರಿಗೇ ಸಂಬಳ ಕೊಟ್ಟು ಜಗಳ ತಡೆಯಲು ಬಿಟ್ಟರು. ಕೆಲವು ನಗರಗಳಲ್ಲಿ ಫಲ ಸಿಕ್ಕಿತು, ಕೆಲವು ಕಡೆ ಸಿಗಲಿಲ್ಲ. ನಾನು ಈ ಮಾತು ಎತ್ತಿದರೆ 'ರೌಡಿಗಳಿಗೆ ಸಂಬಳ, ಓದಿದ ನಮ್ಮ ಮಕ್ಕಳಿಗೆ ಏನು?' ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ಮಚ್ಚು ಹಿಡಿದ ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಲು ನಿಮ್ಮ ಮಗನನ್ನು ಕಳಿಸುತ್ತೀರಾ ಅಂತ ನಾನು ತಿರುಗಿ ಕೇಳುತ್ತೇನೆ. ಆದರೂ ನಾನು ಷರತ್ತು ಹಾಕುತ್ತೇನೆ: ಗುಂಪು ಬಿಟ್ಟು ಕೆಲವು ವರ್ಷ ಆಗಿರಬೇಕು, ಕೇಸು ನಡೆಯುತ್ತಿರಬಾರದು, ಎರಡೂ ಕಡೆಯವರ ಒಪ್ಪಿಗೆ ಇರಬೇಕು, ಮತ್ತು ಪೊಲೀಸರು ಅವರ ಹತ್ತಿರ ಸುದ್ದಿ ಕೇಳಬಾರದು. ಕೊನೆಯ ಷರತ್ತಿಗೆ ಪೊಲೀಸರು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪುವ ತನಕ ನಾನು ಯಾರನ್ನೂ ಬೀದಿಗೆ ಇಳಿಸುವುದಿಲ್ಲ.