ಮಳೆಗಾಲಕ್ಕೆ ಮೊದಲು ಮನೆ ಹಿಂದಿನ ಬರೆ (ಗುಡ್ಡ ಕಡಿದು ಉಳಿದ ಕಡಿದಾದ ಬದಿ) ಪರೀಕ್ಷಿಸುವುದು ಹೇಗೆ?

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಸುತ್ತ ಗುಡ್ಡ ಜರಿಯಿತು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಎಲ್ಲ ಕಡೆಯೂ ಬಿಡದೆ ಸುರಿದ ಮಳೆಯಿತ್ತು. ರಸ್ತೆಗೋ ಮನೆಗೋ ಬುಡ ಕಡಿದ ಕಡೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ನಿಮ್ಮ ಜಾಗದ ಬಗ್ಗೆ ಕೇಳಬೇಕಾದ್ದು ಎರಡೇ: ನೀರು ಎಲ್ಲಿ ಇಂಗುತ್ತದೆ, ಬುಡ ಎಲ್ಲಿ ಕಡಿದಿದೆ?

ಮೊದಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಜಾಲತಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ತೆರೆದು ನಿಮ್ಮ ಊರು ಹುಡುಕಿ. ಅದು 1:50,000 ಪ್ರಮಾಣದ್ದು. ಅಲ್ಲಿನ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್, ನಿಮ್ಮ ಮನೆ ಹಿಂದಿನ ಬರೆ ಅದರಲ್ಲಿ ಕಾಣುವುದಿಲ್ಲ. ‘ಕಡಿಮೆ ಅಪಾಯ’ದ ಬಣ್ಣ ನೋಡಿ ನಿಶ್ಚಿಂತರಾಗಬೇಡಿ, ಕಳೆದ ವರ್ಷ ಜೆಸಿಬಿ ಕಡಿದದ್ದು ನಕ್ಷೆಗೆ ಗೊತ್ತಿರುವುದಿಲ್ಲ. ಹಳೆಯ ಕುಸಿತಗಳ ಬಗ್ಗೆ ಊರಿನ ಹಿರಿಯರನ್ನು ಕೇಳಿ. ಒಮ್ಮೆ ಜರಿದ ಜಾಗ ಮತ್ತೆ ಜರಿಯುವುದುಂಟು.

ಆಮೇಲೆ ಕತ್ತಿ ಹಿಡಿದು ಗುಡ್ಡ ಹತ್ತಿ. ಮೇ ತಿಂಗಳಲ್ಲಿ ಬರೆಯ ತುದಿಯಿಂದ ಮೇಲಕ್ಕೆ ಕಳೆ ಸವರಿ ಬಿರುಕು ಹುಡುಕಿ. ಇಳಿಜಾರಿಗೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿದ ಬಿರುಕು ಅತ್ಯಂತ ಕೆಟ್ಟದ್ದು. ಅದರ ಕೆಳಗಿನ ನೆಲ ಸ್ವಲ್ಪ ತಗ್ಗಿದ್ದರೆ ಮಣ್ಣು ಆಗಲೇ ಜಾರತೊಡಗಿದೆ ಎಂದರ್ಥ. ಬಿರುಕಿನ ಎರಡೂ ಬದಿ ಒಂದೊಂದು ಮೀಟರ್ ದೂರದಲ್ಲಿ ಗಟ್ಟಿ ಗೂಟ ಹೂಳಿ. ಗೂಟದ ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಟೇಪ್ ಹಿಡಿದು ಅಳತೆಯನ್ನು ತಾರೀಖಿನೊಂದಿಗೆ ಬರೆದಿಡಿ. ಅಳೆಯುವ ಮೊದಲು ಗೂಟ ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಬಿರುಕಿಗೆ ಜೇಡಿಮಣ್ಣು ತುಂಬಿ ದಮ್ಮಸು ಮಾಡಿ, ಮೇಲೆ ಟಾರ್ಪಾಲು ಹೊದಿಸಿ. ಇದರಿಂದ ನೀರು ಒಳಗಿಳಿಯುವುದು ಕಡಿಮೆಯಾಗುತ್ತದೆ ಅಷ್ಟೇ, ಜಾರುವುದು ನಿಲ್ಲುವುದಿಲ್ಲ. ಮಳೆ ಜೋರಾದ ಮೇಲೆ ಅಳೆಯಲು ಹತ್ತಬೇಡಿ. ಅಲ್ಲಿಯವರೆಗೆ ಅಂತರ ಹೆಚ್ಚುತ್ತಾ ಬಂದಿದ್ದರೆ ಆ ಮಳೆಗಾಲಕ್ಕೆ ಬೇರೆ ಮನೆ ನೋಡಿ.

ಜಂಬಿಟ್ಟಿಗೆ ಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಕಂಡರೆ ವಿಶೇಷ ಎಚ್ಚರ ಬೇಕು. ಒಣಗಿದಾಗ ಗಟ್ಟಿಯಾಗಿರುವ ಈ ಬಿಳಿ, ನಸುಗೆಂಪು ಮಣ್ಣು ನೆನೆದರೆ ಬಲ ಕಳೆದುಕೊಳ್ಳುತ್ತದೆ. ಇಂಗುಗುಂಡಿ ಬಯಲಿಗೆ ಒಳ್ಳೆಯದು. ಬರೆಯ ಮೇಲೆ ಮಾತ್ರ ಖಂಡಿತ ಬೇಡ. ಅಲ್ಲಿ ಮಾಡಬೇಕಾದ್ದು ಮೇಲಿನಿಂದ ಬರುವ ನೀರನ್ನು ತಡೆದು ಪಕ್ಕದ ತೋಡಿಗೆ (ಸಣ್ಣ ಹಳ್ಳಕ್ಕೆ) ಸಾಗಿಸುವ ಸೋರದ ಚರಂಡಿ. ತಡೆಗೋಡೆ ಕಟ್ಟುವುದಾದರೆ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಪೈಪು ಇಡಿಸಿ. ಪೈಪಿಲ್ಲದ ಗೋಡೆಯ ಹಿಂದೆ ನೀರು ನಿಂತು, ಅದರ ಒತ್ತಡಕ್ಕೆ ಗೋಡೆಯೇ ಮಗುಚುತ್ತದೆ.

ಮಳೆ ಅಳೆಯಲು ನೇರ ಬದಿಯ ಡಬ್ಬಿಯನ್ನು ಮರದ ನೆರಳಿಲ್ಲದ ಬಯಲಲ್ಲಿಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆದು ಖಾಲಿ ಮಾಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿಲಿಮೀಟರ್‌ನಿಂದ ಅತಿ ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ. ಆದರೆ ನೆಲ ಆಗಲೇ ವಾರಗಟ್ಟಲೆ ನೆನೆದಿದ್ದರೆ ಇದಕ್ಕಿಂತ ಕಡಿಮೆ ಮಳೆಯೂ ಸಾಕು.

ಹೊಸ ಒರತೆ ಎದ್ದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಇಳಿದರೆ (ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿರುತ್ತದೆ) ಸಾಮಾನು ಜೋಡಿಸುತ್ತ ಕೂರಬೇಡಿ, ಹೊರಡಿ. ತೋಡಿನ ಗುಂಟ ಕೆಳಗೆ ಓಡದೆ ಅದಕ್ಕೆ ಅಡ್ಡವಾಗಿ, ಪಕ್ಕದ ಎತ್ತರಕ್ಕೆ ಹೋಗಿ. ಕಟ್ಟಿದ ದನಗಳನ್ನು ಬಿಚ್ಚುವ ಕೆಲಸ ಯಾರದು ಎಂದು ಮೊದಲೇ ಗೊತ್ತುಮಾಡಿರಿ. ಸುರಕ್ಷಿತ ಜಾಗ ಸೇರಿದ ಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಳೆ ನಿಂತ ಕೂಡಲೇ ಮರಳಬೇಡಿ: ಗುಡ್ಡದೊಳಗಿನ ನೀರು ಬಸಿಯಲು ದಿನಗಳು ಬೇಕು, ಬಿಸಿಲು ಬಂದ ಮೇಲೂ ಬರೆ ಜರಿಯುತ್ತದೆ.