ಈಜುಕೊಳದಿಂದ ಕಡಲಿಗೆ: ಇಳಿಯುವ ಮೊದಲು ದಡದಲ್ಲಿ ಹತ್ತು ನಿಮಿಷ

ಮಳೆಗಾಲ ಮುಗಿದು ಕಡಲು ತಣಿಯಿತೆಂದರೆ ಮಲ್ಪೆ, ಪಣಂಬೂರು, ತಣ್ಣೀರುಬಾವಿಯ ದಡದಲ್ಲಿ ಹೊಸ ಈಜುಗಾರರು ಕಾಣಿಸಿಕೊಳ್ಳುತ್ತಾರೆ. ಹೆಚ್ಚಿನವರು ಈಜುಕೊಳದಲ್ಲಿ ಕಲಿತವರು, ಕೈಕಾಲು ಚೆನ್ನಾಗಿಯೇ ಓಡುತ್ತದೆ. ಆದರೆ ಬಂದವರೇ ಅಲೆ ಕಡಿಮೆ ಇರುವ ಜಾಗ ಹುಡುಕಿ ಅಲ್ಲೇ ಇಳಿಯುತ್ತಾರೆ. ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಚಳಿ ದೇಶಗಳಲ್ಲಿ ಕೆರೆ, ನದಿ, ಕಡಲಿನಂಥ ಬಯಲು ನೀರಿನ ಈಜಿಗೆ ಮೊದಲ ಶತ್ರು ನೀರಿನ ತಂಪು. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಹಾರಿದರೆ ಉಸಿರು ಹಿಡಿತ ತಪ್ಪುತ್ತದೆ. ನಮ್ಮ ಕಡಲು ಡಿಸೆಂಬರಿನಲ್ಲೂ 28 ಡಿಗ್ರಿಯ ಆಸುಪಾಸು. ಇಲ್ಲಿ ಜೀವ ತೆಗೆಯುವುದು ಸೆಳೆತ, ಅಂದರೆ ದಡದಿಂದ ಕಡಲಿನ ಕಡೆಗೆ ಜೋರಾಗಿ ಹರಿಯುವ ನೀರು.

ಕಾಲ: ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಣಕಾಲಿನಷ್ಟು ನೀರಿಗೂ ಬೇಡ.

ಜಾಗ: ಜೀವರಕ್ಷಕರಿರುವ ಮರಳಿನ ದಡ, ಅದೂ ಅವರು ಬಂದು ನಿಂತ ಮೇಲೆ. ಸ್ವಚ್ಛ, ಸುರಕ್ಷಿತ ದಡಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ದಡ ನನಗೆ ಇಷ್ಟ. ಉಳ್ಳಾಲದ ಸೋಮೇಶ್ವರದಂಥ ಬಂಡೆಯ ಮಗ್ಗುಲು, ನದಿ ಕಡಲು ಸೇರುವ ಅಳಿವೆ ಬಾಗಿಲು ಎರಡೂ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತ ಜೋರಾಗುವಾಗ ಅಳಿವೆಯ ಹತ್ತಿರ ಸುಳಿಯಲೂಬೇಡಿ.

ಸಾಮಾನು: ಕಿತ್ತಳೆ ಬಣ್ಣದ ಟೊಪ್ಪಿ, ಈಜಿನ ಕನ್ನಡಕ, ಸೊಂಟಕ್ಕೆ ಕಟ್ಟಿ ಹಿಂದೆ ಎಳೆದೊಯ್ಯುವ ತೇಲುಚೀಲ. ನೀಲಿ ಟೊಪ್ಪಿ ಹಾಕಿದವರ ತಲೆ ಅಲೆಯ ನಡುವೆ ಕಾಣುವುದೇ ಇಲ್ಲ. ದಡದಲ್ಲಿ ಮಾರುವ ಗಾಳಿ ತುಂಬಿದ ಪ್ಲಾಸ್ಟಿಕ್ ಟ್ಯೂಬನ್ನು ದಯವಿಟ್ಟು ಕೊಳ್ಳಬೇಡಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಕಡಲು ಕನ್ನಡಿಯಂತೆ ಶಾಂತವಾಗಿರುವಾಗಲೇ ಆ ಟ್ಯೂಬು ಸದ್ದಿಲ್ಲದೆ ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆ.

ಈಗ ಮುಖ್ಯ ವಿಷಯ, ಸೆಳೆತ ಗುರುತಿಸುವುದು. ದಡದ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಲೆಗಳು ಬಿಳಿ ನೊರೆಯ ಸಾಲಾಗಿ ಒಡೆಯುತ್ತಿರುತ್ತವೆ. ಸಾಲಿನ ನಡುವೆ ಒಂದು ಕಡೆ ನೊರೆ ತುಂಡಾಗಿ, ನೀರು ತುಸು ಗಾಢ ಬಣ್ಣಕ್ಕೆ ತಿರುಗಿ, ಒಂದು ಓಣಿಯಂತೆ ಕಾಣುತ್ತದೆಯೇ? ಅಲ್ಲಿ ನೀರು ಆಳ. ಅದಕ್ಕೇ ಅಲೆ ಒಡೆಯುವುದಿಲ್ಲ. ದಡಕ್ಕೆ ಬಂದು ಬಿದ್ದ ನೀರೆಲ್ಲ ಕಡಲಿಗೆ ಮರಳುವುದು ಆ ಓಣಿಯಲ್ಲೇ. ಕೆಲವೊಮ್ಮೆ ಮರಳು ಕದಡಿ ಕಂದು ಬಣ್ಣವೂ ಇರುತ್ತದೆ. ಮಲ್ಪೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯ ಮೊಗವೀರರೊಬ್ಬರು ನನಗೆ ಹೇಳಿದ್ದು ಒಂದೇ ಮಾತು: “ತೆರೆ ಇಲ್ಲದಲ್ಲಿ ಇಳಿಯಬೇಡಿ ಮಾರಾಯ್ರೆ.” ಅವರೇ ತೋರಿಸಿದ ಉಪಾಯವೂ ಇದೆ. ಒಣ ತೆಂಗಿನ ಸಿಪ್ಪೆ ಎರಡನ್ನು ಎರಡು ಕಡೆ ನೀರಿಗೆ ಎಸೆದರು. ನೊರೆ ಇದ್ದಲ್ಲಿ ಎಸೆದದ್ದು ಹೊರಳಾಡುತ್ತ ಕಾಲಬುಡಕ್ಕೇ ಬಂತು. ಇಪ್ಪತ್ತು ಹೆಜ್ಜೆ ಆಚೆ, ಆ ಓಣಿಯಲ್ಲಿ ಎಸೆದದ್ದು ಒಂದು ನಿಮಿಷದೊಳಗೆ ಕಪ್ಪು ಚುಕ್ಕಿಯಾಯಿತು. ಅಂದಿನಿಂದ ಸಿಪ್ಪೆ ಎಸೆಯದೆ ನಾನು ಇಳಿದದ್ದಿಲ್ಲ.

ಆದರೂ ಸಿಕ್ಕಿಬಿದ್ದರೆ? ಸೆಳೆತ ಸೆಕೆಂಡಿಗೆ 2 ಮೀಟರ್ ದಾಟುವುದುಂಟು. ಈಜುಕೊಳದ 25 ಮೀಟರನ್ನು 25 ಸೆಕೆಂಡಿನಲ್ಲಿ ಮುಗಿಸುವ ಗಟ್ಟಿಗನ ವೇಗ ಬರೇ 1 ಮೀಟರ್. ಹಾಗಾಗಿ ದಡದ ಕಡೆಗೆ ನೇರ ಈಜಿದರೆ ಸೋಲು ಖಂಡಿತ. ಸುಸ್ತಾಗಿಯೇ ಜನ ಮುಳುಗುವುದು. ಸೆಳೆತ ಕೆಳಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಅಂಗಾತ ತೇಲಿ, ಉಸಿರು ಹದಕ್ಕೆ ತನ್ನಿ, ಒಂದು ಕೈ ಎತ್ತಿ ಬೀಸಿ. ಎಳೆತ ಸಡಿಲಿದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆ ಒಡೆಯುವ ಜಾಗ ಸೇರಿ, ಅಲೆಯ ಜೊತೆಗೇ ಓರೆಯಾಗಿ ಬನ್ನಿ. ಐದು ನಿಮಿಷ ಅಲ್ಲಾಡದೆ ತೇಲಲು ಬಾರದವರು ಮೊದಲು ಅದನ್ನು ಕೊಳದಲ್ಲಿ ಕಲಿತು ಬರಲಿ. ಅಲ್ಲಿಯವರೆಗೆ ಕಡಲು ಬೇಡ.

ಮೊದಲ ದಿನ ಹದಿನೈದು ನಿಮಿಷ ಸಾಕು: ಎದೆಮಟ್ಟದ ನೀರು, ದಡದ ಉದ್ದಕ್ಕೆ. ನಡೆಯುವಾಗ ಕಾಲೆತ್ತಿ ಇಡಬೇಡಿ, ಮರಳಲ್ಲಿ ಎಳೆಯುತ್ತ ಹೋಗಿ. ಮರಳಲ್ಲಿ ಹೂತು ಮಲಗಿದ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಸರಿದು ಹೋಗುತ್ತದೆ.

ಒಬ್ಬರೇ ಹೋಗಬೇಡಿ. ಜೊತೆಗಾರರು ದಡದಲ್ಲೇ ಇರಲಿ, ಮೊಬೈಲ್ ಜೇಬಿನಲ್ಲಿರಲಿ, ಕೈಯಲ್ಲಿ ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಎಣ್ಣೆ ಕ್ಯಾನು, ಅದಕ್ಕೆ ಕಟ್ಟಿದ ಉದ್ದ ಹಗ್ಗ. ಕೂಗು ಕೇಳಿದರೆ ಅವರು ನೀರಿಗೆ ಹಾರಕೂಡದು. ಕ್ಯಾನು ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು, ನೀರಲ್ಲಿರುವ ತಲೆಯ ಮೇಲಿಂದ ಕಣ್ಣು ತೆಗೆಯಬಾರದು.